ಕರ್ಯೋ ಕೂಗು

ಮುನಿವೆಂಕಟಮ್ಮ ಕಿವಿಯಿಂದ ತೆಗೆದಿಟ್ಟ ಹೆಡ್‌ಫೋನನ್ನ ಸ್ಪಿರಿಟ್ ಹಾಕಿ ಎರಡು ಸಲ ಒರೆಸಬೇಕು. ಮಿಕ್ಕವರದ್ದಕ್ಕೆ ಒಂದೇ ಸಲ. ಹಾಗಂತ ಯಾರೂ ಗೋಡೆಗೆ ಬರೆದು ಅಂಟಿಸಿರಲಿಲ್ಲ. ಬರೆದು ಅಂಟಿಸೋಕೆ ಅವರೇನು ದಡ್ಡರೇ? ಆಫೀಸು ಗುಡಿಸಿ ಒರೆಸುವ ಜೈನಾಬ್‌ಗೆ ಬಾಯಲ್ಲಿ ಹೇಳಿದ್ದರು, ಅಷ್ಟೆ. ಜೈನಾಬ್ ಅದನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಪೈಕಿ ಅಲ್ಲ. ಮೆಟ್ಟಿಲ ಕೆಳಗೆ ಕೂತು ಇಬ್ಬರೂ ಟೀ ಕುಡಿಯುವಾಗ ಹೇಳೇಬಿಟ್ಟಳು. ಮುನಿವೆಂಕಟಮ್ಮ ಕಿವಿ ಮುಟ್ಟಿ ನೋಡಿಕೊಂಡಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರ ತನಕ ಆ ರಬ್ಬರು ಒತ್ತಿ ಒತ್ತಿ ಕಿವಿ ಹಿಂದಿನ ಚರ್ಮ ಸುಲಿದಿತ್ತು. ಎಡಗಿವಿ ಸೋರುತ್ತಿತ್ತು. ಸೋರುವುದು ಅವರ ಕೆಲಸದಿಂದ. ಗಲೀಜು ಮಾತ್ರ ಇವಳದ್ದು. ಯಾವ ಊರಿನ ನ್ಯಾಯ ಇದು?

ಕಂಪನಿ ಇದ್ದದ್ದು ಕೆಂಪಾಪುರದಲ್ಲಿ, ಏರ್‌ಪೋರ್ಟ್ ರೋಡಿನಿಂದ ಒಳಕ್ಕೆ ಎರಡನೇ ತಿರುವಿನಲ್ಲಿ, ಮೂರನೇ ಮಹಡಿಯಲ್ಲಿ. ಕಟ್ಟಡ ಬ್ಯಾಟರಾಯಪ್ಪನವರದು. ಅವರ ತಾತ ಅಲ್ಲಿ ರಾಗಿ ಬಿತ್ತುತ್ತಿದ್ದರಂತೆ. ಬ್ಯಾಟರಾಯಪ್ಪ ಸೈಟು ಬಿತ್ತಿದರು. ಹೆಬ್ಬಾಳದ ಸುತ್ತ ಬಿತ್ತೋಕೆ ಜಾಗ ಮುಗಿದ ಮೇಲೆ ಮಾಗಡಿ ಆಚೆ ಕಾಡಿನ ಅಂಚಿಗೆ ಹೋಗಿ ತೋಟದ ಮನೆಗಳ ಲೇಔಟ್ ಮಾಡಿದರು. ಅದು ಆನೆ ದಾರಿ ಅಂತ ಅವರಿಗೆ ಗೊತ್ತಿರಲಿಲ್ಲವಂತೆ. ಅಲ್ಲ ಕಣ್ರೀ, ಆನೆ ದಾರಿ ಅಂದ್ರೆ ಕಣ್ಣಿಗೆ ಕಾಣದ ದಾರಿಯೇ? ಮರ ಕೂಡ ಅಷ್ಟು ಜಾಗ ಬಿಟ್ಟು ಬೆಳೆದಿರುತ್ತೆ. ಮನೆ ಕೊಂಡವರು ಶನಿವಾರ ಭಾನುವಾರ ಬಂದು, ಗೇಟಿನ ಹತ್ತಿರ ಲದ್ದಿ ನೋಡಿ ಗಲಾಟೆ ಮಾಡಿದರು. ಆಗ ಅವರ ಮಗ ಶರತ್ ಆನೆ ಓಡಿಸುವ ಪೆಟ್ಟಿಗೆ ಮಾಡುವ ಕಂಪನಿ ಶುರು ಮಾಡಿದ. ಇಂಜಿನಿಯರ್ ಓದಿದವನು. ಮರಕ್ಕೆ ಕಟ್ಟುವ ಪೆಟ್ಟಿಗೆ, ಒಳಗೆ ಸ್ಪೀಕರು, ಮೇಲೆ ಸೋಲಾರ್ ಹಲಗೆ. ಆನೆ ಹತ್ತಿರ ಬಂದರೆ ತಾನಾಗೇ ಕೂಗಬೇಕು. ಕೂಗಿಗೆ ಹೆದರಿ ಆನೆ ಓಡಬೇಕು.

ಯಾವ ಕೂಗಿಗೆ ಆನೆ ಓಡುತ್ತೆ? ಅದು ಶರತ್‌ಗೆ ಗೊತ್ತಿರಲಿಲ್ಲ. ಅದಕ್ಕೇ ಮುನಿವೆಂಕಟಮ್ಮನನ್ನ ಕರೆತಂದದ್ದು.

ಅವಳು ಆ ಲೇಔಟಿನ ಮಗ್ಗುಲ ಇರುಳಿಗರ ಕಾಲೋನಿಯವಳು. ಇಪ್ಪತ್ತೆರಡು ಮನೆ. ಗಂಡ ಸತ್ತು ಐದು ವರ್ಷ ಆಗಿತ್ತು. ಲೇಔಟಿನ ರಸ್ತೆಗೆ ಜಲ್ಲಿ ಹೊರುತ್ತಿದ್ದಳು. ಶರತ್ ಒಂದಿನ ಮೈಕು ಹಿಡಿದುಕೊಂಡು ಕಾಡಿನ ಕಡೆ ನಿಂತಿದ್ದ. ಇವಳು ಬುಟ್ಟಿ ಇಳಿಸಿ, ಸಾರ್, ಮೂರು ಬತ್ತವೆ, ಮುದುಕಿ ಇನ್ನೂ ಯೋಚ್ನೆ ಮಾಡ್ತಾವ್ಳೆ, ಈಚೆ ಬನ್ನಿ ಅಂದಳು. ಸ್ವಲ್ಪ ಹೊತ್ತಿಗೆ ಮೂರು ಆನೆ ಹೊರಗೆ ಬಂದವು. ಇನ್ನೂ ಸ್ವಲ್ಪ ಹೊತ್ತಿಗೆ ಮುದುಕಿ ಬಂದಳು. ಶರತ್ ಬಾಯಿ ಬಿಟ್ಟುಕೊಂಡು ನೋಡಿದ. ಮುಂದಿನ ವಾರ ಇವಳು ಕೆಂಪಾಪುರದಲ್ಲಿದ್ದಳು. ಮೆಟ್ಟಿಲ ಕೆಳಗೆ, ನೀರಿನ ಸಂಪಿನ ಮೋಟರಿನ ಪಕ್ಕದ ಕೋಣೆಯಲ್ಲಿ ವಾಸ.

ಅವಳಪ್ಪ ಕಲಿಸಿದ ವಿದ್ಯೆ ಅದು. ಆನೆ ಕಿವೀಲಿ ಮಾತ್ರ ಕೇಳಾಕಿಲ್ಲ, ಅಂಗಾಲಲ್ಲೂ ಕೇಳ್ತದೆ ಅನ್ನುತ್ತಿದ್ದ. ಹಿಂಡು ಮೇಯುತ್ತಿರುತ್ತೆ. ಕೊಂಬೆ ಮುರಿಯುವ ಸದ್ದು, ಹೊಟ್ಟೆ ಗುಡುಗುಡು ಅನ್ನುವ ಸದ್ದು. ಇದ್ದಕ್ಕಿದ್ದಂತೆ ಎಲ್ಲಾ ನಿಂತುಬಿಡುತ್ತೆ. ಬಾಯೊಳಗಿನ ಸೊಪ್ಪನ್ನೂ ಅಗಿಯಲ್ಲ. ಕಿವಿ ಮೊರದಷ್ಟು ಅಗಲ. ಒಂದು ಮುಂಗಾಲು ಎತ್ತಿ ಉಗುರು ಮಾತ್ರ ಮಣ್ಣಿಗೆ ತಾಗಿಸಿ ನಿಲ್ಲುತ್ತೆ. ಸೊಂಡಿಲ ತುದಿ ನೆಲಕ್ಕೆ. ಆಗ ನೀನೂ ಉಸಿರು ಕಟ್ಟಿ ನಿಲ್ಲು, ನಮಗೆ ಕೇಳದೆ ಇರೋ ಮಾತು ನೆಲದೊಳಗಿಂದ ಬರ್ತಾ ಐತೆ ಅನ್ನುತ್ತಿದ್ದ. ಸೌದೆಗೆ ಹೋದ ಹೆಂಗಸರು ಎಷ್ಟೇ ಹರಟಲಿ, ಆನೆ ತಲೆ ಎತ್ತಿ ನೋಡಲ್ಲ. ಬೂಟಿನ ಸದ್ದು ಕೇಳಿದರೆ ಮರಿಯನ್ನ ಹೊಟ್ಟೆ ಕೆಳಕ್ಕೆ ಎಳೆದುಕೊಳ್ಳುತ್ತೆ. ಬಸ್ಸಿಗೆ ಬೇರೆ, ಜೀಪಿಗೆ ಬೇರೆ. ಯಾರು ಏನು ಮಾಡುತ್ತಾರೆ ಅಂತ ಸದ್ದಿನಲ್ಲೇ ಲೆಕ್ಕ ಹಾಕಿಟ್ಟುಕೊಂಡಿರುತ್ತೆ. ಅದರ ನೆನಪು ಕಿವಿಯಲ್ಲೇ ಇರುತ್ತೆ.

ಕೆಂಪಾಪುರದ ಕೋಣೆಯಲ್ಲಿ ಅವಳ ಅಂಗಾಲಿಗೂ ಬೇಕಾದಷ್ಟು ಕೇಳುತ್ತಿತ್ತು. ಹೆಬ್ಬಾಳದ ಕಡೆ ಮೆಟ್ರೋ ಕಂಬಕ್ಕೆ ನೆಲ ಕೊರೆಯುತ್ತಿದ್ದರು. ಫ್ಲೈಓವರಿನ ಗಾಡಿಗಳು. ತಲೆ ಮೇಲೆ ವಿಮಾನ. ಸಂಪಿನ ಮೋಟರು. ಬರಿಗಾಲು ನೆಲಕ್ಕಿಟ್ಟರೆ ಹಿಮ್ಮಡಿ ಜುಮ್ಮೆನ್ನುತ್ತಿತ್ತು. ಇಲ್ಲೊಂದು ಆನೆ ನಿಲ್ಲಿಸಿದರೆ ಪಾಪ ಹುಚ್ಚು ಹಿಡಿದೇ ಸಾಯುತ್ತೆ ಅಂದುಕೊಳ್ಳುತ್ತಿದ್ದಳು.

ಕೆಲಸ ಹೀಗಿತ್ತು. ಕಾಡಿನಲ್ಲಿ ಮೈಕು ಇಟ್ಟು ಹಿಡಿದು ತಂದ ಸದ್ದನ್ನ ಒಂದೊಂದಾಗಿ ಕಿವಿಗೆ ಬಿಡುತ್ತಾರೆ. ಸದ್ದು ಮುಗಿದ ಕೂಡಲೇ ಎದುರಿಗೆ ಕೆಂಪು ದೀಪ ಹತ್ತುತ್ತೆ. ಅವಳಿಗೆ ಅಕ್ಷರ ಬರಲ್ಲ. ಅದಕ್ಕೇ ದೀಪ ಹತ್ತಿದಾಗ ಮೈಕಿನಲ್ಲಿ ಬಾಯಿಬಿಟ್ಟು ಹೇಳಬೇಕು. ಇದು ಮರಿ, ಹಾಲಿಗೆ ಅಳ್ತೈತೆ. ಇವಳು ಮುದುಕಿ, ಓಗಾಣ ನಡೀರಿ ಅಂತಾವ್ಳೆ. ಇದು ಸಲಗ, ಮದ ಬಂದದೆ, ಹತ್ರ ಓಗಬ್ಯಾಡಿ. ಅವಳು ಹೇಳಿದ್ದು ಆನೆ ಸದ್ದಿನ ಬೆನ್ನಿಗೇ ಅಂಟಿಕೊಂಡು ಕಂಪ್ಯೂಟರಿನಲ್ಲಿ ಉಳಿಯುತ್ತೆ. ಪಕ್ಕದ ಕೋಣೆಯಲ್ಲಿ ಹರ್ಷಿತಾ ಅಂತ ಹುಡುಗಿ ಅದನ್ನ ಕೇಳಿ, ಅರ್ಥ ಟೈಪ್ ಮಾಡಿ, ಆಮೇಲೆ ಇವಳ ಧ್ವನಿಯನ್ನ ಕತ್ತರಿಸಿ ಬಿಸಾಡುತ್ತಾಳೆ. ದಿನಕ್ಕೆ ಮುನ್ನೂರು ಸದ್ದು. ಫೋನನ್ನ ಬಾಗಿಲ ಹೊರಗಿನ ಟ್ರೇನಲ್ಲಿ ಇಟ್ಟು ಬರಬೇಕು. ಎರಡು ವರ್ಷ ಹಾಗೆ ಕೂತಳು. ಬೆನ್ನು ಹಿಡಿದುಕೊಂಡಿತು. ಊರಿನ ಆನೆಗಳೆಲ್ಲ ಅವಳಿಗೆ ಧ್ವನಿಯಲ್ಲೇ ಗುರುತಿದ್ದವು. ಅವಳ ಗುರುತು ಮಾತ್ರ ಅಲ್ಲಿ ಯಾರಿಗೂ ಇರಲಿಲ್ಲ. ಯಾರಾದರೂ ಬಂದರೆ ಶರತ್, ಇವರು ನಮ್ಮ ಟ್ರೈಬಲ್ ಲೇಡಿ ಅನ್ನುತ್ತಿದ್ದ. ಬಂದವರು ಇವಳ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು.

ಹೋದ ಫೆಬ್ರವರಿಯಲ್ಲಿ ಒಂದು ಸದ್ದು ಬಂತು. ಹೆಡ್‌ಫೋನಿನಲ್ಲಿ ಅದು ಶುರುವಾದ ಕೂಡಲೇ ಮುನಿವೆಂಕಟಮ್ಮ ಎರಡೂ ಕೈಯಲ್ಲಿ ರಬ್ಬರನ್ನ ಕಿವಿಗೆ ಒತ್ತಿ ಹಿಡಿದಳು. ಒಂದು ಹೆಣ್ಣಾನೆ. ಕೆಳಗಿನಿಂದ ಮೇಲಕ್ಕೆ ಎಳೆದು ಎಳೆದು ಕೂಗುತ್ತಿತ್ತು. ನಡುವೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿತ್ತು. ಮತ್ತೆ ಕೂಗುತ್ತಿತ್ತು. ಅವಳಿಗೆ ಅದು ಯಾವ ದಿನದ್ದು ಅಂತಲೂ ಗೊತ್ತಾಯಿತು. ಅವಳ ತಮ್ಮ ಚಿಕ್ಕಹನುಮಯ್ಯ ಫೋನು ಮಾಡಿ ಹೇಳಿದ್ದ. ಲೇಔಟಿನವರು ಸುತ್ತ ತೋಡಿದ ಕಂದಕಕ್ಕೆ ಮರಿ ಬಿದ್ದಿತ್ತು. ತಾಯಿ ಕರೆದಳು. ಕರೆದದ್ದಕ್ಕೆ ಎರಡು ಗುಡ್ಡ ಆಚೆ ಇದ್ದ ಹಿಂಡು ಓಡೋಡಿ ಬಂತು. ಎಲ್ಲಾ ಸೇರಿ ಮಣ್ಣು ಕೆದರಿ ಮರಿಯನ್ನ ಎತ್ತುವಷ್ಟರಲ್ಲಿ ಲೇಔಟಿನ ಕಾವಲುಗಾರರು ಪಟಾಕಿ ಹೊಡೆದರು. ಹಿಂಡು ಚೆಲ್ಲಾಪಿಲ್ಲಿಯಾಗಿ ಓಡಿತು. ಮರಿ ಕಂದಕದಲ್ಲೇ ಸತ್ತಿತು. ತಾಯಿ ಮೂರು ದಿನ ಅಲ್ಲೇ ಸುತ್ತಿದಳು.

ಕೆಂಪು ದೀಪ ಹತ್ತಿತು. ಮುನಿವೆಂಕಟಮ್ಮ ಹೇಳಿದಳು. ಹೇಳಿ ಮುಗಿಸಿ ಹೆಡ್‌ಫೋನು ತೆಗೆದು, ಪಕ್ಕದ ಕೋಣೆಗೆ ಹೋದಳು. ಹಾಗೆ ಎದ್ದು ಹೋಗೋದು ಅಲ್ಲಿ ನಿಯಮ ಅಲ್ಲ. ಶರತ್ ಅಲ್ಲೇ ಇದ್ದ. ಪರದೆ ಮೇಲೆ ಲೇಔಟಿನ ಕ್ಯಾಮರಾ ಹಿಡಿದ ವಿಡಿಯೋ ಓಡುತ್ತಿತ್ತು. ಆನೆ ಕೂಗುತ್ತೆ, ಹಿಂಡು ಓಡುತ್ತೆ. ಕೂಗುತ್ತೆ, ಓಡುತ್ತೆ. ಶರತ್‌ಗೆ ಕಣ್ಣೆಲ್ಲ ಮಿಂಚು. ಸಿಕ್ತು ಕಣಮ್ಮ, ಇದೇ ನಮಗೆ ಬೇಕಾಗಿದ್ದು, ಓಡಿಸೋ ಕೂಗು ಅಂದ.

ಪಟಾಕಿ ಎಲ್ಲೋಯ್ತು ಅಂತ ಇವಳು ಕೇಳಿದಳು. ಹರ್ಷಿತಾ, ಅದು ನಾಯ್ಸ್ ಅಲ್ವಾ ಅಕ್ಕ, ಕ್ಲೀನ್ ಮಾಡಿದೀವಿ ಅಂದಳು.

ನೋಡಿ, ಇಷ್ಟೇ ಆಗಿದ್ದು. ಆನೆ ಓಡಿದ್ದು ಪಟಾಕಿಗೆ. ಪಟಾಕಿ ಗಲೀಜು ಅಂತ ಅದನ್ನ ಒರೆಸಿ ಹಾಕಿದರು. ಉಳಿದದ್ದು ತಾಯಿ ಕೂಗು ಮತ್ತು ಓಡುವ ಆನೆಗಳು. ಓದಿದವರು ಎರಡನ್ನ ಕೂಡಿಸಿದರು.

ಮುನಿವೆಂಕಟಮ್ಮ ಕೈ ಮುಗಿದಳು. ಸಾರ್, ಬ್ಯಾಡ ಸಾರ್, ಇದು ಓಡ್ಸೋದಲ್ಲ, ಕರ್ಯೋದು. ಇದ ಇಕ್ಕಿದ್ರೆ ಎಲ್ಲೆಲ್ಲಿರೋವೂ ಬತ್ತವೆ ಅಂದಳು. ಶರತ್ ಬೈಯಲಿಲ್ಲ. ಅವನು ಬೈಯುವ ಪೈಕಿ ಅಲ್ಲ. ನಗುತ್ತಾ ಹೇಳಿದ.

"ನಿನ್ನ ಕೇಳಿದ್ದು ಯಾವ ಆನೆ ಅಂತ. ಏನ್ ಮಾಡ್ಬೇಕು ಅನ್ನೋದು ನಮಗ್ ಬಿಡಮ್ಮ. ಹೋಗಿ ಹೆಡ್‌ಫೋನ್ ಹಾಕ್ಕೋ."

ಹೋಗಿ ಹಾಕಿಕೊಂಡಳು. ಅದೇ ಅವಳನ್ನ ಈಗಲೂ ತಿನ್ನುತ್ತಿರುವುದು. ಆವತ್ತೇ ಎದ್ದು ಬರಬೇಕಿತ್ತು. ಆವತ್ತೇ ಊರಿಗೆ ಹೋಗಿ ಹೇಳಬೇಕಿತ್ತು. ಅವಳು ಹೋಗಿ ಹೆಡ್‌ಫೋನು ಹಾಕಿಕೊಂಡಳು. ಮುಂದಿನ ಸದ್ದು ಕೇಳಿದಳು.

ಯುಗಾದಿ ಕಳೆದ ಮೇಲೆ ಹನ್ನೆರಡು ಪೆಟ್ಟಿಗೆ ಕಾಡಂಚಿನ ಮರಗಳಿಗೆ ಏರಿದವು. ಲೇಔಟಿನ ಕಡೆ ಒಂದೂ ಕಟ್ಟಲಿಲ್ಲ. ಅಲ್ಲಿ ಕಟ್ಟಿದರೆ ಬಂದವರ ನಿದ್ದೆ ಹಾಳಾಗುತ್ತಲ್ಲ! ಎಲ್ಲಾ ಇರುಳಿಗರ ಕಾಲೋನಿಯ ಕಡೆಗೇ. ಇವರಿಗೆ ನಿದ್ದೆ ಎಲ್ಲಿದೆ, ಇದ್ದರೂ ಯಾರು ಕೇಳುತ್ತಾರೆ ಅಂತ ತಾನೇ? ಮುನಿವೆಂಕಟಮ್ಮನ ತಾಯಿ ಲಕ್ಷ್ಮಿದೇವಮ್ಮನ ಗುಡಿಸಲಿನಿಂದ ಮೂವತ್ತು ಹೆಜ್ಜೆ ದೂರದ ಹುಣಸೆ ಮರಕ್ಕೂ ಒಂದು ಪೆಟ್ಟಿಗೆ ಬಂತು.

ಮೇ ತಿಂಗಳ ಒಂದು ಸೋಮವಾರ ಸಂಜೆ ಟ್ರೇನಿಂದ ಫೋನು ತೆಗೆದುಕೊಂಡಾಗ ಚಿಕ್ಕಹನುಮಯ್ಯನ ಮೂರು ಕರೆ ಬಂದು ನಿಂತಿದ್ದವು. ಇವಳು ತಿರುಗಿ ಮಾಡಿದರೆ ಆ ಕಡೆ ಸಿಗ್ನಲ್ ಇಲ್ಲ. ನಾಳೆ ಮಾಡಿದರಾಯಿತು ಅಂತ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟುಕೊಂಡು ಮಲಗಿದಳು. ಬೆಳಿಗ್ಗೆ ಎಂಟಕ್ಕೆ ಫೋನು ಬಂತು. ಮಾತಾಡಿದವನು ತಮ್ಮ ಅಲ್ಲ, ಪಕ್ಕದ ಮನೆಯವನು. ನಿನ್ ತಮ್ಮ ಚಿಕ್ಕನ್ನ ಆನೆ ತುಳಿದಾಕ್ಬುಡ್ತು, ಬೇಗ ಬಾ ಅಂದ.

ಅವಳು ಹೋಗುವಷ್ಟರಲ್ಲಿ ಬಟ್ಟೆ ಸುತ್ತಿದ್ದರು. ಮುಖ ಮಾತ್ರ ಕಾಣುತ್ತಿತ್ತು. ಎದೆ ಇರಬೇಕಾದ ಕಡೆ ಬಟ್ಟೆ ಚಪ್ಪಟೆಯಾಗಿ ಕೂತಿತ್ತು. ಮೂವತ್ತೊಂದು ವರ್ಷದ ಗಂಡಸು. ಮುನಿವೆಂಕಟಮ್ಮ ಅಳೋಕೆ ಬಾಯಿ ತೆರೆದಳು. ಸುತ್ತ ನಿಂತ ಹೆಂಗಸರು ಅವಳನ್ನ ಹಿಡಿದುಕೊಳ್ಳಲಿಲ್ಲ. ಯಾರೂ ಒಂದು ಲೋಟ ನೀರು ಕೊಡಲಿಲ್ಲ. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅವಳಿಗೆ ಅರ್ಥವಾಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅವ್ವ ಹೇಳಿದಳು. ಪೆಟ್ಟಿಗೆ ಕಟ್ಟಿದ ದಿನದಿಂದ ಆನೆ ಬರೋದು ಹೆಚ್ಚಾಗಿತ್ತು. ಒಂದು ಬಂದರೆ ಪೆಟ್ಟಿಗೆ ಕೂಗುತ್ತಿತ್ತು. ಕೂಗಿದರೆ ಇನ್ನೂ ನಾಲ್ಕು ಬರುತ್ತಿದ್ದವು. ಬಂದು ಹುಣಸೆ ಮರದ ಸುತ್ತ ನಿಲ್ಲುತ್ತಿದ್ದವು. ಕಾಲೆತ್ತಿ ಕೇಳಿಸಿಕೊಳ್ಳುತ್ತಿದ್ದವು. ಪೆಟ್ಟಿಗೆಯನ್ನ ಸೊಂಡಿಲಿನಲ್ಲಿ ತಡವುತ್ತಿದ್ದವು. ಮೆಲ್ಲಗೆ ಏನೋ ಕೇಳುತ್ತಿದ್ದವು. ಪೆಟ್ಟಿಗೆ ಮತ್ತೆ ಅದನ್ನೇ ಕೂಗುತ್ತಿತ್ತು. ಕರೆದವಳು ಕಾಣಿಸುತ್ತಿಲ್ಲ, ಕರೆಯೋದು ನಿಲ್ಲುತ್ತಿಲ್ಲ. ಆನೆಗಳು ಸಿಟ್ಟಿಗೇಳುತ್ತಿದ್ದವು. ಪಾಪದವು, ಏನು ಮಾಡಬೇಕು?

"ಕೂಗಾದ್ಮೇಲೆ ನಿನ್ ಮಾತು ಬತ್ತಿತ್ತು ಮಗಾ," ಅಂದಳು ಅವ್ವ.

ನನ್ ಮಾತಾ ಅಂತ ಮುನಿವೆಂಕಟಮ್ಮ ಕೇಳಿದಳು. ಊಂ ನಿಂದೇ, ಒಂದೊಂದ್ ದಿನ ಐವತ್ತು ಸಲ ಬತ್ತಿತ್ತು, ಕಾಲೋನಿ ಐಕಳಿಗೆಲ್ಲ ಬಾಯಿಪಾಠ ಆಗೋಗದೆ ಅಂದಳು ಅವ್ವ. ಊರಿನವರು ಮೊದಲ ದಿನವೇ ಲೇಔಟಿನ ಕಾವಲಿನವರ ಹತ್ತಿರ ಹೋಗಿದ್ದರು. ನಮ್ ಮುನೆಂಕ್ಟಮ್ಮನೇ ಒಳಗಿಂದ ಹೇಳ್ತಾವ್ಳೆ, ಇದು ಕರ್ಯೋ ಕೂಗಂತೆ, ಇಳಿಸಿ ಅಂದರು. ಅವರು ನಕ್ಕು ಕಳಿಸಿದರು. ಎರಡನೇ ಸಲ ಹೋದರೆ ಗೇಟೇ ತೆಗೆಯಲಿಲ್ಲ. ಹೇಳ್ತಿರೋಳಿಗೇ ಏನು ಹೇಳೋದು ಅಂತ ಮುನಿವೆಂಕಟಮ್ಮನಿಗೆ ಯಾರೂ ತಿಳಿಸಿರಲಿಲ್ಲ. ಚಿಕ್ಕಹನುಮಯ್ಯ ಸೋಮವಾರ ಗುಡ್ಡ ಹತ್ತಿ ಅಕ್ಕನಿಗೆ ಫೋನು ಮಾಡಿ ನೋಡಿದ. ಎತ್ತಲಿಲ್ಲ. ಮಂಗಳವಾರ ಬೆಳಗಿನ ಜಾವ ಆನೆಗಳು ಅವ್ವನ ಗುಡಿಸಲಿಗೆ ಒರಗಿ ನಿಂತವು. ಗೋಡೆ ಅಲ್ಲಾಡಿತು. ಅವನು ಪೆಟ್ಟಿಗೆಯ ವೈರು ಕೀಳೋಕೆ ಅಂತ ಹಿಂದಿನಿಂದ ಮರ ಹತ್ತಿದ. ಕೈ ಹಾಕಿದ ಕೂಡಲೇ ಪೆಟ್ಟಿಗೆ ಮತ್ತೆ ಕೂಗಿತು. ಕೆಳಗಿದ್ದ ತಾಯಾನೆ ಮರಕ್ಕೆ ಗುದ್ದಿದಳು, ಅವನು ಅವುಗಳ ಕಾಲ ಕೆಳಕ್ಕೆ ಬಿದ್ದ.

ಮುನಿವೆಂಕಟಮ್ಮ ಆಗ ಅಳಲಿಲ್ಲ. ಹುಣಸೆ ಮರದ ಕೆಳಕ್ಕೆ ಹೋಗಿ ನಿಂತಳು. ಪೆಟ್ಟಿಗೆ ಇನ್ನೂ ಅಲ್ಲೇ ನೇತಾಡುತ್ತಿತ್ತು. ತಮ್ಮನ ಒಂದು ಚಪ್ಪಲಿ ಬುಡದಲ್ಲಿತ್ತು. ಕಂಪನಿಯಿಂದ ಯಾರೂ ಬಂದಿರಲಿಲ್ಲ. ಫೋನು ಮಾತ್ರ ಬಂತು. ಶರತ್ ತುಂಬಾ ಬೇಜಾರಾಯ್ತಮ್ಮ ಅಂದ. ಗುರುವಾರ ಅರಣ್ಯ ಇಲಾಖೆಯ ಮೇಡಮ್ಮು ಆಫೀಸಿಗೆ ವಿಚಾರಣೆಗೆ ಬರ್ತಾರೆ, ನೀನೂ ಇರಬೇಕು, ಅಲ್ಲೀವರೆಗೆ ಯಾರ ಹತ್ರನೂ ಮಾತಾಡಬೇಡ ಅಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ. ನಿಂದೇನೂ ತಪ್ಪಿಲ್ಲ ಅಂತ ಬರೆಸ್ತೀವಿ, ಬಾಯಿ ತಪ್ಪಿ ಹೇಳಿದೆ ಅಂತ, ಅಷ್ಟೆ.

ಬಾಯಿ ತಪ್ಪಿ! ಎರಡು ವರ್ಷದಲ್ಲಿ ಅವಳ ಬಾಯಿ ಒಂದು ಸಲವೂ ತಪ್ಪಿರಲಿಲ್ಲ.

ಬುಧವಾರ ಕಾಲೋನಿಯ ಹೆಂಗಸರು ಗಂಡಸರು ಸೇರಿ ಪೆಟ್ಟಿಗೆ ಇಳಿಸಿದರು. ಮುನಿವೆಂಕಟಮ್ಮ ತಾನೇ ಹಗ್ಗ ಹಿಡಿದಳು. ಸ್ವಿಚ್ಚು ಆರಿಸಿ ಅಕ್ಕಿ ಚೀಲಕ್ಕೆ ತುಂಬಿದರು. ಒಳಗಿನ ಬ್ಯಾಟರಿಯೇ ಒಂದು ರುಬ್ಬುಗುಂಡಿನಷ್ಟು ಭಾರ. ಗುರುವಾರ ಬೆಳಿಗ್ಗೆ ಅದನ್ನ ತಲೆ ಮೇಲೆ ಹೊತ್ತು ಮೂರು ಮೈಲಿ ನಡೆದು ರಸ್ತೆಗೆ ಬಂದಳು. ಜಲ್ಲಿ ಹೊತ್ತ ತಲೆ, ಇದನ್ನೂ ಹೊತ್ತಿತು. ಬಸ್ಸಿನಲ್ಲಿ ಕಂಡಕ್ಟರ್ ಏನಮ್ಮ ಅದು ಅಂದರೆ, ನಮ್ ತಮ್ಮಂದು ಅಂದಳು. ಯಶವಂತಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿದಳು. ಕೂರೋಕೆ ಜಾಗ ಇರಲಿಲ್ಲ, ಚೀಲ ಕಾಲ ನಡುವೆ ಇಟ್ಟುಕೊಂಡು ನಿಂತಳು. ಹೆಬ್ಬಾಳದಲ್ಲಿ ಇಳಿದಾಗ ಫ್ಲೈಓವರಿನ ಕೆಳಗೆ ಗಾಡಿಗಳೆಲ್ಲ ಒಟ್ಟಿಗೆ ಹಾರನ್ ಹೊಡೆಯುತ್ತಿದ್ದವು. ಅಷ್ಟು ಕೂಗಿಗೂ ಒಬ್ಬನೂ ಒಂದು ಅಡಿ ಮುಂದೆ ಹೋಗುತ್ತಿರಲಿಲ್ಲ. ಇವಳು ಸಂದಿಯಲ್ಲಿ ನುಗ್ಗಿ ದಾಟಿದಳು. ಕತ್ತು ಹಿಡಿದುಕೊಂಡಿತ್ತು. ಎಡಗಿವಿಯಿಂದ ಇಳಿದ ಕೀವು ರವಿಕೆ ತನಕ ಬಂದಿತ್ತು.

ಲಿಫ್ಟಿಗೆ ಕಾರ್ಡು ಬೇಕು, ಅವಳ ಹತ್ತಿರ ಯಾವತ್ತೂ ಇರಲಿಲ್ಲ. ಮೂರು ಮಹಡಿ ಮೆಟ್ಟಿಲು ಹತ್ತಿದಳು. ಎರಡನೇ ಮಹಡಿಯಲ್ಲಿ ಜೈನಾಬ್ ಬಕೆಟ್ಟು ಇಟ್ಟು ಓಡಿ ಬಂದು ಚೀಲದ ಇನ್ನೊಂದು ತುದಿ ಹಿಡಿದಳು. ಇದೇನಿದು, ಇಷ್ಟು ಭಾರ ಎಲ್ಲಿಂದ ಹೊತ್ಕೊಂಡ್ ಬಂದೆ ಅಂದಳು. ಇವಳು ಹೇಳಿದಳು. ಇಬ್ಬರೂ ಸೇರಿ ಹೊತ್ತು, ಮೀಟಿಂಗ್ ರೂಮಿನ ಬಾಗಿಲ ಪಕ್ಕ ಇಟ್ಟರು.

ಒಳಗೆ ಇಲಾಖೆಯ ಮೇಡಮ್ಮು ಕೂತಿದ್ದರು, ಎದುರಿಗೆ ಬಾದಾಮಿ ಹಾಲು. ಬ್ಯಾಟರಾಯಪ್ಪನವರೂ ಬಂದಿದ್ದರು. ಹರ್ಷಿತಾ ಕಂಪ್ಯೂಟರ್ ಮುಂದೆ ತಲೆ ತಗ್ಗಿಸಿಕೊಂಡಿದ್ದಳು. ಮುನಿವೆಂಕಟಮ್ಮ ನಿಂತೇ ಇದ್ದಳು. ಯಾರೂ ಕೂತ್ಕೋ ಅನ್ನಲಿಲ್ಲ. ಶರತ್ ಒಂದು ಕಾಗದ ಓದಿದ. ಸದರಿ ಶಬ್ದದ ಅರ್ಥವನ್ನು ಬುಡಕಟ್ಟು ತಜ್ಞೆ ಶ್ರೀಮತಿ ಮುನಿವೆಂಕಟಮ್ಮ ಇವರು ತಿಳಿಸಿದಂತೆ ಅಳವಡಿಸಲಾಗಿರುತ್ತದೆ. ಮೃತ ಚಿಕ್ಕಹನುಮಯ್ಯ ಪಾನಮತ್ತನಾಗಿ ಬ್ಯಾಟರಿ ಕಳವು ಮಾಡುವ ಉದ್ದೇಶದಿಂದ ಮರ ಹತ್ತಿರುತ್ತಾನೆ. ಉಳಿದ ಉಪಕರಣಗಳನ್ನು ಮುಂದುವರಿಸಲು ಅಡ್ಡಿ ಇರುವುದಿಲ್ಲ. ಇನ್ನೂ ನಲವತ್ತು ಹಳ್ಳಿಗೆ ಪೆಟ್ಟಿಗೆ ಹೋಗೋದಿತ್ತು, ಅದಕ್ಕೇ ಅವಸರ.

ಎರಡು ವರ್ಷದಲ್ಲಿ ಮೊದಲ ಸಲ ಅವಳನ್ನ ತಜ್ಞೆ ಅಂದಿದ್ದರು. ಮೊದಲ ಸಲ ಶ್ರೀಮತಿ ಅಂದಿದ್ದರು. ಕೊಲೆ ಹೊರಿಸೋಕೆ ಹೆಸರು ಬೇಕಲ್ಲ.

ಶರತ್ ಇಂಕಿನ ಡಬ್ಬಿ ತೆರೆದು ಮೇಜಿನ ತುದಿಗೆ ತಳ್ಳಿದ. ಹೆಬ್ಬೆಟ್ಟು ಇಲ್ಲಿ ಒತ್ತಮ್ಮ ಅಂದ. ಬ್ಯಾಟರಾಯಪ್ಪನವರು, ಒತ್ತವ್ವ, ನಿನ್ ರೂಮು ಕೆಲಸ ಎಲ್ಲಾ ಹಂಗೇ ಇರ್ತದೆ, ನಾನಿದೀನಿ ಅಂದರು.

"ಒತ್ತಾಕಿಲ್ಲ," ಅಂದಳು ಮುನಿವೆಂಕಟಮ್ಮ.

ನಾನ್ ಏಳಿದ್ದು ಇದಲ್ಲ. ನಮ್ ತಮ್ಮ ಕುಡ್ಯಾಕಿಲ್ಲ. ಕಾಲೋನಿಲಿ ಯಾರನ್ನಾದ್ರೂ ಕೇಳಿ ಅಂದಳು. ಶರತ್ ಮೇಡಮ್ಮಿನ ಕಡೆ ತಿರುಗಿ, ಶೋಕದಲ್ಲಿದಾರೆ ಮೇಡಮ್, ಅವರು ಅವತ್ತು ಏನು ಹೇಳಿದ್ರು ಅಂತ ನಮ್ಮ ಹತ್ರ ದಾಖಲೆ ಇದೆ ಅಂದ. ಕಂಪ್ಯೂಟರಿನಲ್ಲಿ ತೋರಿಸಿದ. ಓಡಿಸುವ ಕೂಗು ಅಂತ ಟೈಪ್ ಆಗಿತ್ತು. ಪಕ್ಕದಲ್ಲಿ ಮುನಿವೆಂಕಟಮ್ಮ ಅಂತ ಹೆಸರಿತ್ತು. ಅವಳಿಗೆ ಓದೋಕೆ ಬರಲ್ಲ, ಅವರು ಓದಿ ಹೇಳಿದರು. ಅವಳ ಧ್ವನಿ ಎಲ್ಲಿ ಅಂತ ಮೇಡಮ್ಮು ಕೇಳಿದರೆ, ಅದನ್ನ ಇಟ್ಟುಕೊಳ್ಳಲ್ಲ ಮೇಡಮ್, ಜಾಗ ಸಾಲಲ್ಲ ಅಂದ.

ಮುನಿವೆಂಕಟಮ್ಮ ಹೊರಗೆ ಹೋದಳು. ಹೋದಳು ಬಿಡು ಅಂದುಕೊಂಡರು. ಚೀಲ ಎಳೆದುಕೊಂಡು ಬಂದಳು. ಎರಡೂ ಕೈಯಲ್ಲಿ ಎತ್ತಿ ಗಾಜಿನ ಮೇಜಿನ ಮೇಲೆ ಇಟ್ಟಳು. ಚೀಲದಿಂದ ಕಾಡಿನ ಮಣ್ಣು ಉದುರಿತು. ಪೆಟ್ಟಿಗೆಯ ಒಂದು ಮೂಲೆ ನೆಗ್ಗಿತ್ತು. ಅದರ ಮೇಲೆ ಒಣಗಿ ಕಪ್ಪಾದ ಕಲೆ ಇತ್ತು. ಅದೇನು ಅಂತ ಯಾರೂ ಕೇಳಲಿಲ್ಲ. ಶರತ್, ಏಯ್, ಅದನ್ನ ಮುಟ್ಟಬೇಡ, ಅದು ಕಂಪನಿ ಪ್ರಾಪರ್ಟಿ ಅಂತ ಎದ್ದ. ಅಷ್ಟರಲ್ಲಿ ಅವಳು ಸ್ವಿಚ್ಚು ಹಾಕಿ, ಕೂಗಿಸಿ ನೋಡೋಕೆ ಅಂತ ಇಟ್ಟಿದ್ದ ಗುಂಡಿ ಒತ್ತಿದ್ದಳು.

ಆನೆ ಕೂಗಿತು.

ಮುಚ್ಚಿದ ರೂಮಿನಲ್ಲಿ ಅದು ಹೇಗಿರುತ್ತೆ ಅಂತ ಅಲ್ಲಿದ್ದ ಯಾರೂ ಕೇಳಿರಲಿಲ್ಲ. ಕಿಟಕಿ ಗಾಜು ಕಟಕಟ ಅಂದಿತು. ಲೋಟದ ಹಾಲು ನಡುಗಿತು. ಬ್ಯಾಟರಾಯಪ್ಪನವರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ಕೂಗು ಎಳೆದು ಎಳೆದು ನಿಂತಿತು. ಆಮೇಲೆ ಒಂದು ಉಸಿರಿನಷ್ಟು ಬಿಡುವು. ಆಮೇಲೆ ಅದೇ ಪೆಟ್ಟಿಗೆಯೊಳಗಿಂದ, ಅದೇ ಜೋರಿನಲ್ಲಿ, ಮುನಿವೆಂಕಟಮ್ಮ ಮಾತಾಡಿದಳು.

"ಇದು ಓಡ್ಸೋ ಕೂಗಲ್ಲ. ಕರ್ಯೋ ಕೂಗು. ಮರಿ ಹಳ್ಳಕ್ಕೆ ಬಿದ್ದೈತೆ, ತಾಯಿ ಎಲ್ಲಾರ್ನೂ ಕರೀತಾವ್ಳೆ. ಇದ ಎಲ್ಲೂ ಇಕ್ಕಬ್ಯಾಡಿ, ಬತ್ತವೆ."

ಮೇಡಮ್ಮು ಪೆನ್ನಿನ ಮುಚ್ಚಳ ತೆಗೆದರು. ಇದು ಯಾರ ಧ್ವನಿ ಅಂತ ಹರ್ಷಿತಾಳನ್ನ ಕೇಳಿದರು. ಶರತ್ ಮಧ್ಯೆ ಬಾಯಿ ಹಾಕಿದ, ಅವರು ಕೈ ಎತ್ತಿ ಸುಮ್ಮನಿರಿಸಿದರು. ಹರ್ಷಿತಾ, ಇವರದ್ದೇ ಮೇಡಮ್ ಅಂದಳು. ತಾನು ಮೊದಲು ಕರೆಯುವ ಕೂಗು ಅಂತಲೇ ಟೈಪ್ ಮಾಡಿದ್ದೆ, ಸರ್ ಬದಲಾಯಿಸೋಕೆ ಹೇಳಿದರು ಅಂತ ಅಂದಳು. ಅಷ್ಟು ಹೇಳೋಕೆ ಅವಳಿಗೆ ಬಹಳ ಹೊತ್ತು ಹಿಡಿಯಿತು.

ಮುನಿವೆಂಕಟಮ್ಮನಿಗೆ, ಇಷ್ಟು ಜನರ ನಡುವೆ ಒಂದು ಹುಡುಗಿಯಾದರೂ ತನ್ನ ಮಾತನ್ನ ಉಳಿಸಿದಳಲ್ಲ ಅನ್ನಿಸಿತು. ಹತ್ತಿರ ಹೋಗಿ ಅವಳ ಭುಜ ಮುಟ್ಟಿದಳು.

"ನನ್ ಮಾತ ಬೇಕೂಂತ ಬಿಟ್ಟಿದ್ಯೇನವ್ವ ಒಳಗೆ?"

ಹರ್ಷಿತಾ ಕಣ್ಣೊರೆಸಿಕೊಂಡಳು.

"ಇಲ್ಲಕ್ಕ. ಅರ್ಜೆಂಟಿತ್ತು. ಕಟ್ ಮಾಡೋದು ಮರ್ತೋಯ್ತು."

ಮುನಿವೆಂಕಟಮ್ಮ ಕೈ ತೆಗೆದಳು. ಪೆಟ್ಟಿಗೆಯನ್ನ ಮರಕ್ಕೆ ಕಟ್ಟುವ ಮುಂಚೆ ಒಬ್ಬರು, ಒಬ್ಬರೇ ಒಬ್ಬರು, ಅದರ ಕೂಗನ್ನ ಕೊನೆ ತನಕ ಕೇಳಿದ್ದಿದ್ದರೆ ಚಿಕ್ಕ ಇವತ್ತು ಇರುತ್ತಿದ್ದ. ಕೇಳಿರಲಿಲ್ಲ. ಆನೆ ಕೂಗು ಮುಗಿಯಿತು, ಮುಂದಿನದ್ದು ಕೆಲಸದವಳ ಗೊಣಗಾಟ ಅಂದುಕೊಂಡಿದ್ದರು. ಅಷ್ಟೇ. ಇದರಲ್ಲಿ ದ್ವೇಷ ಕೂಡ ಇರಲಿಲ್ಲ. ಅದಕ್ಕೇ ಅವಳ ಹೊಟ್ಟೆ ಇನ್ನೂ ಉರಿಯಿತು. ದ್ವೇಷ ಮಾಡೋಕಾದರೂ ಮನುಷ್ಯರು ಅಂತ ಲೆಕ್ಕಕ್ಕೆ ಇಟ್ಟಿರಬೇಕಲ್ಲವೇ?

ಬ್ಯಾಟರಾಯಪ್ಪನವರು ಮೇಡಮ್ಮಿಗೆ ಮೆಲ್ಲಗೆ ಏನೋ ಹೇಳುತ್ತಿದ್ದರು. ಮೇಡಮ್ಮು ಆ ಕಡೆ ನೋಡದೆ ಬರೆಯುತ್ತಿದ್ದರು. ಬರೆದು ಮುಗಿಸಿ, ಸರಿ, ನೀವು ಹೊರಡಿ, ಮುಂದಿಂದು ನಾವು ನೋಡ್ಕೋತೀವಿ ಅಂದರು. ಉಳಿದ ಪೆಟ್ಟಿಗೆ ಇಳಿಸೋದಕ್ಕೆ ಮೇಲಿಂದ ಆದೇಶ ಬರಬೇಕು ಅಂದರು. ಕೆಟ್ಟ ಹೆಂಗಸಲ್ಲ. ಸುಸ್ತಾದ ಹೆಂಗಸು.

ಮುನಿವೆಂಕಟಮ್ಮ ಹೊರಡಲಿಲ್ಲ. ಆದೇಶ ನಿಮಗೆ ಬೇಕು, ನಮ್ಮೋರು ಇವತ್ತು ಬೆಳಿಗ್ಗೆನೇ ಮಿಕ್ಕ ಹನ್ನೊಂದನ್ನೂ ಇಳಿಸಾಕ್ತಾವ್ರೆ, ಬೇಕಾದ್ರೆ ಕೇಸಾಕ್ಕೊಳಿ ಅಂದಳು. ಶರತ್ ಏನೋ ಕಿರುಚಿದ. ಅವಳು ಅವನ ಕಡೆ ತಿರುಗಲೂ ಇಲ್ಲ. ಮೇಡಮ್ಮಿನ ಎದುರಿಗಿದ್ದ ಖಾಲಿ ಕುರ್ಚಿ ಎಳೆದಳು. ಆ ರೂಮಿನಲ್ಲಿ ಅವಳು ಯಾವತ್ತೂ ಕೂತಿರಲಿಲ್ಲ. ಕೂತಳು.

"ಬರ್ದಿದ್ದ ಬಾಯ್ಬಿಟ್ಟು ಓದಿ ಮೇಡಮ್ಮು. ಕೇಳಿಸ್ಕೊಳ್ಳೋದೇ ನನ್ ಕೆಲ್ಸ."

ಮೇಡಮ್ಮು ಕಾಗದ ಎತ್ತಿ ಓದೋಕೆ ಶುರು ಮಾಡಿದರು. ಉಪಕರಣದಲ್ಲಿ ಎಚ್ಚರಿಕೆಯ ಧ್ವನಿ ಇರುವುದು ಕಂಡುಬಂದಿರುತ್ತದೆ. ಮುನಿವೆಂಕಟಮ್ಮ ತಲೆ ಆಡಿಸಿದಳು. ಮೃತನು ಉಪಕರಣವನ್ನು ನಿಲ್ಲಿಸುವ ಸಲುವಾಗಿ ಮರ ಹತ್ತಿರುತ್ತಾನೆ. ತಲೆ ಆಡಿಸಿದಳು. ಸದರಿ ಸಮಯದಲ್ಲಿ ಕಾಡಾನೆಗಳು ಜನವಸತಿ ಪ್ರದೇಶದ ಮೇಲೆ ದಾಳಿ ಮಾಡಿ...

ಮುನಿವೆಂಕಟಮ್ಮ ಮೇಜಿನ ಮೇಲೆ ಅಂಗೈ ಇಟ್ಟಳು.

"ದಾಳಿ ಅಲ್ಲ. ಅದ ಹೊಡೆದಾಕಿ. ಇವ್ರು ಕರೆದ್ರು, ಅವು ಬಂದ್ವು. ಅಂಗೇ ಬರೀರಿ."